ಬಹುಮತವಿಲ್ಲದ ಗೆಲುವು: ಹೊಸಕೋಟೆಯ ಉಪಚುನಾವಣೆಯನ್ನು ಕುರಿತು ಒಂದು ವಿಮರ್ಶೆ

ಚುನಾವಣೆಗಳನ್ನು ಕುರಿತ ನಮ್ಮ ಬರವಣಿಗೆಯಲ್ಲಿ 'ಬಹುಮತ' ಎಂಬ ಶಬ್ದವು ಎರಡು ಬೇರೆ ಬೇರೆ ಅರ್ಥಗಳಲ್ಲಿ ಪ್ರಯೋಗವಾಗುತ್ತಿದೆ. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂಬುದು ಒಂದು ಅರ್ಥ. ಉಳಿದ ಪ್ರತಿಯೊಬ್ಬ ಸ್ಪರ್ಧಿಗಿಂತ ಹೆಚ್ಚು ಎಂಬುದು ಇನ್ನೊಂದು. ಇಬ್ಬರೇ ಸ್ಪರ್ಧಿಸಿದಾಗ ಈ ಎರಡು ಅರ್ಥಗಳೂ ಒಂದಾಗುತ್ತವೆ. ಆದುದರಿಂದ ವ್ಯತ್ಯಾಸವು ಕಣ್ಣಿಗೆ ಬೀಳುವುದಿಲ್ಲ. ಮೂರನೆಯವನು ಕಣಕ್ಕಿಳಿದ ಕ್ಷಣದಲ್ಲಿ ಅವು ಬೇರ್ಪಡುತ್ತವೆ. ಈ ಬೇರ್ಪಡುವಿಕೆಯನ್ನು ಗಮನಿಸದೆ ಬರೆದ ವ್ಯಾಖ್ಯಾನಗಳು ಎಷ್ಟರ ಮಟ್ಟಿಗೆ ನಿಲ್ಲಬಲ್ಲವು ಎಂಬುದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ಕ್ಷೇತ್ರದ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ನೋಡೋಣ. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಹೊಸಕೋಟೆಯಲ್ಲಿ ನಡೆದದ್ದು ಬಹುಮಟ್ಟಿಗೆ ನೇರ ಸ್ಪರ್ಧೆ. ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಅವರು 98,824 ಮತಗಳನ್ನೂ, ಭಾರತೀಯ ಜನತಾ ಪಕ್ಷದ ಶರತ್ ಬಚ್ಚೇಗೌಡರು 91,227 ಮತಗಳನ್ನೂ ಪಡೆದರು. 7,597 ಮತಗಳ ಅಂತರದಿಂದ ನಾಗರಾಜ್ ಗೆದ್ದರು. 2019ರಲ್ಲಿ ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆಯಿತ್ತು, ಅನರ್ಹಗೊಂಡು, ಬಳಿಕ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಅದೇ ಕ್ಷೇತ್ರದಲ್ಲಿ ನಿಂತರು. ಶರತ್ ಬಚ್ಚೇಗೌಡರು ಪಕ್ಷದ ಮಾತಿಗೆ ಒಪ್ಪದೆ ಪಕ್ಷೇತರರಾಗಿ ಸ್ಪರ್ಧಿಸಿದರು. ಜನತಾದಳ (ಜಾತ್ಯತೀತ) ತನ್ನ ಅಭ್ಯರ್ಥಿಯನ್ನು ಹಾಕದೆ ಅವರನ್ನು ಬೆಂಬಲಿಸಿತು. ಕಾಂಗ್ರೆಸ್ ಪದ್ಮಾವತಿ ಸುರೇಶ್ ಅವರನ್ನು ನಿಲ್ಲಿಸಿತು. ಡಿಸೆಂಬರ್ 5ರಂದು ನಡೆದ ಮತದಾನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪಾಲುಗೊಂಡರು. ಡಿಸೆಂಬರ್ 9ರಂದು ಪ್ರಕಟವಾದ ಫಲಿತಾಂಶ ಹೀಗಿತ್ತು: ಶರತ್ ಬಚ್ಚೇಗೌಡ 81,671, ನಾಗರಾಜ್ 70,185, ಪದ್ಮಾವತಿ ಸುರೇಶ್ 41,443.

ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ತರಗತಿಯಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. 91,227 ಮತಗಳಿಂದ ಸೋತವರು 81,671 ಮತಗಳಿಂದ ಗೆದ್ದದ್ದು ಹೇಗೆ? ಅವರ ಮತಗಳು 9,556ರಷ್ಟು ಕಡಿಮೆಯಾದುವು. ಫಲ ಮಾತ್ರ ಸೋಲಿನಿಂದ ಗೆಲುವಿಗೆ ತಿರುಗಿತು. ಉತ್ತರ ಸರಳವಾದುದು. ಗೆಲುವಿನ ಗೆರೆ ನೆಲದಲ್ಲಿ ಹೂಳಿದ ಕಲ್ಲಲ್ಲ. ಸ್ಪರ್ಧಿಗಳ ಸಂಖ್ಯೆ ಹೆಚ್ಚಿದಂತೆ ಅದು ಕೆಳಗಿಳಿಯಬಲ್ಲುದು. ಮೊದಲ ಮೂವರ ಮತಗಳನ್ನು ಕೂಡಿದರೆ 1,93,299 ಆಗುತ್ತದೆ. ಅದರ ಅರ್ಧವನ್ನು ಮುಟ್ಟಲು ವಿಜೇತರಿಗೆ ಸುಮಾರು 15,000 ಮತಗಳು ಕಡಿಮೆಯಿದ್ದುವು. ಅವರಿಗೆ ದೊರೆತದ್ದು ಈ ಮೊತ್ತದಲ್ಲಿ ನೂರಕ್ಕೆ ಸುಮಾರು 42 ಮಾತ್ರ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ಕೊರತೆಯೇನೂ ಇಲ್ಲ. 1951ರ ಜನಪ್ರತಿನಿಧಿ ಕಾಯಿದೆಯು ಇಬ್ಬರಿಗೆ ಸಮನಾಗಿ ಮತ ಬಂದರೆ ಚೀಟಿಯೆತ್ತಿ ನಿರ್ಧರಿಸಬೇಕೆಂದು ವಿಧಿಸುತ್ತದೆ. ಯಾರಿಗೂ ಅರ್ಧ ದಾಟದಿದ್ದರೆ ಏನು ಮಾಡಬೇಕೆಂದು ಅದು ಕೇಳುವುದೇ ಇಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದ ಅಂತರದಿಂದ ಗೆದ್ದುದನ್ನು ಇಲ್ಲಿ ನೆನೆಯಬಹುದು. ನಮ್ಮ ಪದ್ಧತಿಗೆ ಬೇಕಾದದ್ದು ಮುಂದಿರುವಿಕೆ, ಅರ್ಧವಲ್ಲ.

ಇಂತಹ ಫಲಿತಾಂಶಗಳನ್ನು ವಿವರಿಸುವಾಗ 'ಮೂರನೆಯವನು ಮತಗಳನ್ನು ಒಡೆದನು' ಎಂಬ ವಾಕ್ಯ ನಮ್ಮ ಲೇಖನಿಯಿಂದ ತಾನಾಗಿಯೇ ಹೊರಡುತ್ತದೆ. ಈ ವಾಕ್ಯಕ್ಕೆ ಎರಡು ಆಕ್ಷೇಪಣೆಗಳಿವೆ. ಮೊದಲನೆಯದಾಗಿ, ಮೂರನೆಯವನೆಂದರೆ ಯಾರು? ನಾಮಪತ್ರ ಸಲ್ಲಿಸುವಾಗ ರೂಢಿಯಂತೆ ಆ ಹೆಸರು ಸಲ್ಲುವುದು ಪಕ್ಷೇತರನಿಗೆ. ಹೊಸಕೋಟೆಯಲ್ಲಿ ಪಕ್ಷೇತರರು ಮೊದಲನೆಯವರಾದರು. ಹಿಂದಿನ ಬಾರಿ ಗೆದ್ದ ಪಕ್ಷದ ಅಭ್ಯರ್ಥಿ ಮೂರನೆಯವರಾದರು. 'ಮೂರನೆಯವನು' ಎಂಬುದು ಎಣಿಕೆಯಾದ ಮೇಲೆ ದೊರೆಯುವ ಸ್ಥಾನವೇ ಹೊರತು ಮನುಷ್ಯನ ಗುಣವಲ್ಲ. ಅಷ್ಟೇ ಅಲ್ಲದೆ, ಅದು ಅಳತೆಯ ಕೋಲನ್ನೂ ಅವಲಂಬಿಸಿದೆ. 2018ರಲ್ಲಿ ರಾಜ್ಯದ ಒಟ್ಟು ಲೆಕ್ಕದಲ್ಲಿ ಮೂರನೆಯದಾಗಿದ್ದ ಜನತಾದಳವು ಇದೇ ಜಿಲ್ಲೆಯ ದೇವನಹಳ್ಳಿ ಮತ್ತು ನೆಲಮಂಗಲಗಳಲ್ಲಿ ಗೆದ್ದಿತು. ರಾಜ್ಯದಲ್ಲಿ ಮೊದಲನೆಯದಾಗಿದ್ದ ಭಾರತೀಯ ಜನತಾ ಪಕ್ಷಕ್ಕೆ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಒಂದೂ ದಕ್ಕಲಿಲ್ಲ.

ಎರಡನೆಯ ಆಕ್ಷೇಪಣೆ ಆಧಾರವನ್ನು ಕುರಿತದ್ದು. ಪದ್ಮಾವತಿ ಸುರೇಶ್ ಅವರು ನಿಲ್ಲದಿದ್ದರೆ 41,443 ಮತದಾರರು ಯಾರತ್ತ ತಿರುಗುತ್ತಿದ್ದರು? ನಮ್ಮ ಮತಯಂತ್ರದಲ್ಲಿ ಒಂದೇ ಗುಂಡಿಯನ್ನು ಒತ್ತಲು ಅವಕಾಶ; ಮತದಾರನ ಎರಡನೆಯ ಮನಸ್ಸು ಎಲ್ಲಿಯೂ ದಾಖಲಾಗುವುದಿಲ್ಲ. ಎರಡು ವರ್ಷಗಳ ಮೊತ್ತಗಳನ್ನು ಕೂಡಿ ಕಳೆದು 'ಇಷ್ಟು ಮತಗಳು ಇಲ್ಲಿಂದ ಅಲ್ಲಿಗೆ ಹೋದುವು' ಎನ್ನುವುದು ಇತಿಹಾಸಕಾರನಿಗೆ ತಕ್ಕ ಮಾತಲ್ಲ. ಮೊತ್ತಗಳು ಬದಲಾದುದನ್ನು ನಾವು ಬಲ್ಲೆವು. ವ್ಯಕ್ತಿಗಳು ಬದಲಾದ ಬಗೆಯನ್ನು ಆ ಮೊತ್ತಗಳಿಂದ ಅರಿಯಲಾರೆವು.

ಎರಡನೆಯ ಮನಸ್ಸನ್ನು ಬರೆದಿಡುವ ಪದ್ಧತಿಯೂ ನಮ್ಮ ಸಂವಿಧಾನದಲ್ಲಿಯೇ ಇದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ರಾಷ್ಟ್ರಪತಿಯ ಆಯ್ಕೆಗೆ ಅರ್ಧ ದಾಟಲೇಬೇಕು. 1969ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ನೀಲಂ ಸಂಜೀವರೆಡ್ಡಿಯವರ ಹೆಸರು ನಿಶ್ಚಯವಾಯಿತು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಪಕ್ಷೇತರರಾಗಿ ನಿಂತರು, ಸಿ.ಡಿ. ದೇಶಮುಖ್ ಅವರು ಇನ್ನೊಬ್ಬ ಮುಖ್ಯ ಅಭ್ಯರ್ಥಿ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯಗಳು ಬಂದುವು. ಅಗತ್ಯವಾಗಿದ್ದ 4,18,169ನ್ನು ಯಾರೂ ಮುಟ್ಟಲಿಲ್ಲ. ಉಳಿದವರ ಎರಡನೆಯ ಆಯ್ಕೆಗಳನ್ನು ಹಂಚಿದಾಗ ಗಿರಿಯವರು 4,20,077ಕ್ಕೂ ರೆಡ್ಡಿಯವರು 4,05,427ಕ್ಕೂ ಏರಿದರು. ಹಂಚಿಕೆಯಾದುವುಗಳಲ್ಲಿ ಬಹುಪಾಲು ರೆಡ್ಡಿಯವರಿಗೆ ಸಂದರೂ ಗಿರಿಯವರು ಗೆದ್ದರು. ಇಲ್ಲಿ ಮತಗಳು ಒಡೆದುವೇ, ಒಡೆದರೆ ಎತ್ತ ಹರಿದುವು ಎಂಬುದಕ್ಕೆ ದಾಖಲೆಯಿದೆ, ಹೊಸಕೋಟೆಯಲ್ಲಿ ಇಲ್ಲ. ಮೊದಲನೆಯದನ್ನು ಕುರಿತು ನಿರ್ಣಯ ಹೇಳಬಹುದು. ಎರಡನೆಯದನ್ನು ಕುರಿತು ಊಹೆಯನ್ನಷ್ಟೆ ಮಾಡಬಹುದು.

ಇನ್ನು ಕ್ಷೇತ್ರವನ್ನು ಬಿಟ್ಟು ಸಭೆಗೆ ಬರೋಣ. ಸದಸ್ಯನಾಗಲು ಅರ್ಧ ಬೇಡ. ಸರಕಾರವಾಗಲು ಸಭೆಯ ವಿಶ್ವಾಸ, ಎಂದರೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು, ಬೇಕೇ ಬೇಕು. 1972ರ ನಂತರ ಕರ್ನಾಟಕದಲ್ಲಿ ಯಾವ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಮತಗಳ ಅರ್ಧವನ್ನು ಪಡೆದಿಲ್ಲ. ಆದರೂ 1994ರಲ್ಲಿ ಮತಗಳ ಮೂರನೆಯ ಒಂದು ಪಾಲಿನಿಂದಲೇ ಜನತಾದಳವು 224ರಲ್ಲಿ 115 ಸ್ಥಾನಗಳನ್ನು ಗೆದ್ದಿತು. ಕೆಲವೊಮ್ಮೆ ಈ ಯಂತ್ರ ಬಹುಮತವನ್ನು ತಯಾರಿಸಿ ಕೊಡಲಿಲ್ಲ. 1983ರಲ್ಲಿ 95 ಸ್ಥಾನಗಳ ಜನತಾ ಪಕ್ಷವು ಇತರರ ಬೆಂಬಲದಿಂದ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಆಡಳಿತ ನಡೆಸಿತು. 2004ರಲ್ಲಿ 79, 65, 58 ಎಂದು ಮೂರು ಪಾಲಾದ ಸಭೆಯು ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. 2018ರಲ್ಲಿ 104, 78, 37 ಎಂದಾದಾಗ ಮೂರನೆಯ ಪಕ್ಷದ ಎಚ್.ಡಿ. ಕುಮಾರಸ್ವಾಮಿಯವರೇ ಮುಖ್ಯಮಂತ್ರಿಗಳಾದರು. ಇದರಲ್ಲಿ ವಿಪರೀತವೇನೂ ಇಲ್ಲ. ಅಮೆರಿಕದಲ್ಲಿ 1824ರ ಅಧ್ಯಕ್ಷ ಚುನಾವಣೆಯಲ್ಲಿ 261 ನಿರ್ವಾಚಕ ಮತಗಳ ಪೈಕಿ 99ನ್ನು ಪಡೆದು ಮುಂದಿದ್ದ ಜ್ಯಾಕ್ಸನ್ ಅವರಿಗೆ ಅರ್ಧ ದೊರೆಯದೆ, ನಿರ್ಣಯ ಪ್ರತಿನಿಧಿ ಸಭೆಗೆ ಹೋಯಿತು. ಸಭೆಯು 84 ಮತಗಳ ಆಡಮ್ಸ್ ಅವರನ್ನು ಆರಿಸಿತು. ನಾಲ್ಕನೆಯವರಾಗಿ ಹೊರಬಿದ್ದಿದ್ದ ಹೆನ್ರಿ ಕ್ಲೇ ಅವರ ಬೆಂಬಲ ಅಲ್ಲಿ ನಿರ್ಣಾಯಕವಾಯಿತು. ಅರ್ಧವನ್ನು ಕಡ್ಡಾಯ ಮಾಡಿದೆಡೆಯಲ್ಲೆಲ್ಲ ಹಿಂದುಳಿದವನೇ ತೀರ್ಪುಗಾರನಾಗುತ್ತಾನೆ.

ನಮ್ಮ ವಿಷಯದಲ್ಲಿ ವಿಚಾರಾರ್ಹವಾದದ್ದು ಬೇರೆ. 2018ರ ಮೇ 19ರಂದು ಬಿ.ಎಸ್. ಯಡಿಯೂರಪ್ಪನವರು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ಅವರ ಪಕ್ಷದ 104 ಸಾಲದಾಗಿತ್ತು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರಕಾರ 99ಕ್ಕೆ 105ರಿಂದ ಬಿದ್ದಿತು. ಅದೇ ಪಕ್ಷಕ್ಕೆ 105 ಸಾಕಾಯಿತು. ಒಂದು ಸ್ಥಾನ ಹೆಚ್ಚಿತೆಂದು ಹೀಗಾಗಲಿಲ್ಲ. ರಾಜೀನಾಮೆಗಳಿಂದಲೂ ಗೈರುಹಾಜರಿಯಿಂದಲೂ ಸಭೆಯೇ ಕುಗ್ಗಿತು. ಬಳಿಕ 17 ಮಂದಿ ಅನರ್ಹರಾದರು. ಹೊಸಕೋಟೆಯಲ್ಲಿ ನಡೆದದ್ದೂ ಇದೇ ಗಣಿತ: ಗೆದ್ದವರು ಮೇಲೇರಲಿಲ್ಲ, ಗೆರೆ ಕೆಳಗಿಳಿಯಿತು. ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕ್ಷೇತ್ರದಲ್ಲಿ ಗೆರೆಯನ್ನು ಇಳಿಸಿದವರು ಮತ ಹಾಕಿದವರು. ಸಭೆಯಲ್ಲಿ ಇಳಿಸಿದವರು ಮತ ಪಡೆದವರು. ಮೊದಲನೆಯದು ಮತದಾರನ ಹಕ್ಕಿನ ಚಲಾವಣೆ. ಎರಡನೆಯದು ಆತನು ಒಪ್ಪಿಸಿದ ಹಕ್ಕನ್ನು ಆತನನ್ನು ಕೇಳದೆ ಹಿಂದಕ್ಕಿಟ್ಟದ್ದು.

ಆ ಕ್ರಮವನ್ನು ಜನರು ಅನಂತರ ಒಪ್ಪಿದರಲ್ಲವೇ ಎಂದು ಕೇಳಬಹುದು. 15 ಉಪಚುನಾವಣೆಗಳಲ್ಲಿ 12ನ್ನು ಭಾರತೀಯ ಜನತಾ ಪಕ್ಷವು ಗೆದ್ದಿತೆಂಬುದು ನಿಜ. ಈ ಆಕ್ಷೇಪಣೆಯನ್ನು ಲಘುವಾಗಿ ಕಾಣಲಾಗದು. ಹೊಸಕೋಟೆ ಒಪ್ಪಲಿಲ್ಲ. ಅಲ್ಲಿ ಸೋತ ನಾಗರಾಜ್ ಅವರು 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾಗಿ, 2021ರಲ್ಲಿ ಮಂತ್ರಿಗಳಾದರು. ಇದು ಸಂವಿಧಾನಬದ್ಧವೇ. ಕ್ಷೇತ್ರವು ಕೊಟ್ಟ ಉತ್ತರಕ್ಕೆ ಬೆಲೆಯೇನು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. 2023ರಲ್ಲಿ ಶರತ್ ಬಚ್ಚೇಗೌಡರು ಕಾಂಗ್ರೆಸ್ ಅಭ್ಯರ್ಥಿಯಾಗಿ ಮತ್ತೆ ನಾಗರಾಜ್ ಅವರನ್ನೇ ಸೋಲಿಸಿದರು. ಐದು ವರ್ಷಗಳಲ್ಲಿ ಇಬ್ಬರೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡಂತಾಯಿತು. ಇಂತಹ ಕಡೆಯಲ್ಲಿ ಪಕ್ಷದ ಹೆಸರಿನಿಂದ ಮತಗಳನ್ನು ವರ್ಗೀಕರಿಸುವ ನಮ್ಮ ಅಭ್ಯಾಸವೂ ಪುನರ್ವಿಚಾರಕ್ಕೆ ಅರ್ಹವಾಗಿದೆ.

ಸಾರಾಂಶವಿಷ್ಟು. ಯಾರಿಗೂ ಬಹುಮತವಿಲ್ಲದ ಸಭೆ ಪ್ರಜಾಪ್ರಭುತ್ವದ ರೋಗವಲ್ಲ. ಹಲವು ಮನಸ್ಸಿನ ಜನರ ಯಥಾರ್ಥ ಪ್ರತಿಬಿಂಬ. ಮೂರನೆಯ ಅಭ್ಯರ್ಥಿಯೂ ಅಪರಾಧಿಯಲ್ಲ. ಅರ್ಧವಿಲ್ಲದೆ ಗೆದ್ದವನ ಅಧಿಕಾರ ಪೂರ್ಣವಾದುದು. ಆದರೆ 'ಜನರು ನನ್ನನ್ನು ಆರಿಸಿದರು' ಎನ್ನುವಾಗ ಆತನ ಸ್ವರ ತಗ್ಗಿರಬೇಕು. ಇತಿಹಾಸವನ್ನು ಬೋಧಿಸುವ ನಾವಾದರೋ, 'ಬಹುಮತ'ವೆಂದು ಬರೆಯುವ ಮುನ್ನ ಅದು ಯಾರ ಬಹುಮತ, ಎಷ್ಟರಲ್ಲಿ ಬಹುಮತ ಎಂಬ ಎರಡು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳುವುದು ಒಳಿತು.