ಜಾನಪದ ಪ್ರಬಂಧಗಳಲ್ಲಿ ಉದ್ಧರಣೆ ಮತ್ತು ಸಾರನಿರೂಪಣೆ: ಒಂದು ವಿವೇಚನೆ

ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಬಹುಕಾಲದಿಂದ ಉಳಿದುಬಂದಿರುವ ಒಂದು ಪ್ರಶ್ನೆಯುಂಟು: ಕೊಟ್ಟ ವಾಕ್ಯದ ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸುವುದು. ಉತ್ತರಕ್ಕೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಅಂಗಗಳು. ಮಾತು ಯಾವ ಕೃತಿಯದು, ಯಾರು ಯಾರಿಗೆ ಯಾವಾಗ ಹೇಳಿದರು, ಅದರಲ್ಲಿ ಗಮನಿಸಬೇಕಾದುದೇನು ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬರೆಯಬಲ್ಲ. ಅದೇ ವಿದ್ಯಾರ್ಥಿ ಸ್ನಾತಕೋತ್ತರ ತರಗತಿಯಲ್ಲಿ ಜಾನಪದವನ್ನು ಕುರಿತು ಪ್ರಬಂಧ ಬರೆಯುವಾಗ ಈ ಮೂರೂ ಮರೆಯಾಗುವುದೇಕೆ ಎಂಬುದು ವಿಚಾರಾರ್ಹವಾಗಿದೆ.

ಇಂತಹ ಪ್ರಬಂಧಗಳಲ್ಲಿ ಪದೇಪದೇ ಕಾಣುವ ಕ್ರಮ ಹೀಗಿದೆ: 'ಜನಪದರು ಹೀಗೆ ಹಾಡಿದ್ದಾರೆ' ಎಂಬ ಪೀಠಿಕೆ, ಅನಂತರ ಎಂಟು ಹತ್ತು ಸಾಲು ಹಾಡು, ಅದರ ಕೆಳಗೆ ಅದೇ ಸಾಲುಗಳ ಗದ್ಯರೂಪ. ಪುಟ ತುಂಬುತ್ತದೆ, ವಾದ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಉದ್ಧರಣೆ ಇಲ್ಲಿ ಆಧಾರವಾಗದೆ ಅಲಂಕಾರವಾಗಿದೆ. ಸಾರನಿರೂಪಣೆ ವಿವೇಚನೆಯಾಗದೆ ಪುನರುಕ್ತಿಯಾಗಿದೆ.

ಇದಕ್ಕೆ ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನು ಅನುಸರಿಸಿದ್ದಾನೆ. ಮೊದಲು ಪ್ರತಿಪಾದನೆ, ಬಳಿಕ ಅದರ ವಿವರಣೆ, ಕೊನೆಗೆ ಅದನ್ನು ಸ್ಥಾಪಿಸುವ ಉದಾಹರಣೆ. ಪ್ರಯೋಗವು ಸೂತ್ರಕ್ಕಾಗಿ ಬರುತ್ತದೆಯೇ ಹೊರತು ತನಗಾಗಿ ಬರುವುದಿಲ್ಲ. ತಾನು ಯಾವ ಮಾತನ್ನು ಸಾಧಿಸಲು ಈ ಸಾಲನ್ನು ತಂದೆನೆಂದು ಹೇಳಲಾರದ ವಿದ್ಯಾರ್ಥಿ ಆ ಸಾಲನ್ನು ಬಿಡುವುದೇ ಲೇಸು.

ಮೌಖಿಕ ಸಾಹಿತ್ಯದಲ್ಲಿ 'ಆಯ್ಕೆ' ಇನ್ನಷ್ಟು ಜವಾಬ್ದಾರಿಯನ್ನು ಬೇಡುತ್ತದೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ' (1973) ಕಾವ್ಯದಿಂದ ಸಾಲುಗಳನ್ನು ಎತ್ತಿಕೊಳ್ಳುವವನು ಸಂಪಾದಕರ ಮೂಲಕ ಗಾಯಕನನ್ನು ಉದ್ಧರಿಸುತ್ತಿರುತ್ತಾನೆ. ಸಂಪಾದಕರನ್ನು ಹೆಸರಿಸಿ ಗಾಯಕನನ್ನು 'ಜನಪದ'ದೊಳಗೆ ಕರಗಿಸುವುದು ಅರ್ಧಸತ್ಯ. ಸಂದರ್ಭದ ಮಾತೂ ಹಾಗೆಯೇ. ಕೆಂಗೇರಿಯಲ್ಲೋ ವಿಜಯನಗರದಲ್ಲೋ ನೆಲೆಸಿರುವ ಗಾಯಕನೊಬ್ಬ ಜ್ಞಾನಭಾರತಿಯ ವಿದ್ಯಾರ್ಥಿಯ ಕೋರಿಕೆಯ ಮೇರೆಗೆ ಮನೆಯಲ್ಲಿ ಕುಳಿತು ಹಾಡಿದ ಮಾದಪ್ಪನ ಕಥೆಗೂ ಬೆಟ್ಟದಲ್ಲಿ ಕಂಸಾಳೆಯ ಮೇಳದೊಂದಿಗೆ, ಭಕ್ತರೆದುರು ನಡೆಯುವ ಹಾಡಿಕೆಗೂ ಅಂತರವುಂಟು. ಯಾವುದನ್ನು ಬಿಟ್ಟ, ಯಾವುದನ್ನು ಯಾರಿಗಾಗಿ ವಿಸ್ತರಿಸಿದ ಎಂಬುದೂ ಪಠ್ಯದ ಭಾಗವೇ ಆಗಿದೆ.

ಸಾರನಿರೂಪಣೆಯ ಅಪಾಯ ಬೇರೆ ಬಗೆಯದು. 2018ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕೃತಿಚೌರ್ಯ ನಿಯಂತ್ರಣದ ನಿಯಮಗಳನ್ನು ಹೊರಡಿಸಿ, ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲವೆಂದು ಗೊತ್ತುಪಡಿಸಿತು. ಆ ಬಳಿಕ ಹೋಲಿಕೆಯ ಪ್ರಮಾಣಕ್ಕೆ ಅಂಜಿ ಉದ್ಧರಣ ಚಿಹ್ನೆಗಳನ್ನು ಕಿತ್ತು, ಪದಗಳನ್ನು ಬದಲಿಸಿ ಬರೆಯುವ ಪ್ರಲೋಭನೆ ವಿದ್ಯಾರ್ಥಿಗಳಿಗಿದೆ. ವಾಸ್ತವವಾಗಿ ಮೂಲವನ್ನು ಸೂಚಿಸಿ ಉದ್ಧರಿಸಿದ ಭಾಗವನ್ನು ಅದೇ ನಿಯಮಗಳು ಹೋಲಿಕೆಯ ಲೆಕ್ಕದಿಂದ ಹೊರಗಿರಿಸಿವೆ. ಪದ ಬದಲಿಸಿದ ಮಾತ್ರಕ್ಕೆ ವಿಚಾರ ತನ್ನದಾಗುವುದಿಲ್ಲ. ಸಾರನಿರೂಪಣೆಗೂ ಮೂಲದ ಉಲ್ಲೇಖ ಅನಿವಾರ್ಯ.

ಜಾನಪದದಲ್ಲಿ ಇದರ ಹಾನಿ ದ್ವಿಗುಣವಾಗುತ್ತದೆ. ಹಾಡಿನ 'ಕುಂತವ್ನೆ' ಎಂಬುದು 'ಕುಳಿತಿದ್ದಾನೆ' ಎಂದಾದಾಗ ಅರ್ಥ ಉಳಿಯುತ್ತದೆ. ಲಯ, ಪ್ರದೇಶ, ಹಾಡಿದವನ ನಾಲಗೆ ಅಳಿಯುತ್ತವೆ. ಆದಕಾರಣ ಒಂದು ವಿವೇಕ ಅಗತ್ಯ: ಕಥೆಯ ನಡೆಯಷ್ಟೇ ಬೇಕಿದ್ದಲ್ಲಿ ಸಾರನಿರೂಪಣೆ ಸಾಕು, ವಾದವು ನುಡಿಯ ಮೇಲೆಯೇ ನಿಂತಿದ್ದಲ್ಲಿ ಅಕ್ಷರವನ್ನೂ ತಿದ್ದದೆ ಉದ್ಧರಿಸಬೇಕು.

ವಚನಕ್ಕೆ ಅಂಕಿತವಿದೆ, ವಚನಕಾರನ ಗುರುತು ಪಠ್ಯದೊಳಗೇ ಸಾಗಿಬರುತ್ತದೆ. ಹಾಡುಗಾರನಿಗೆ ಅಂತಹ ರಕ್ಷಣೆಯಿಲ್ಲ. ಅವನ ಮಾತು ಗ್ರಂಥಾಲಯದ ಕಪಾಟು ಸೇರುವಾಗ ಅದರೊಡನೆ ಅವನ ಹೆಸರು, ಊರು, ಹಾಡಿದ ಸಂದರ್ಭಗಳು ಸೇರುವುದು ವಿದ್ಯಾರ್ಥಿಯು ಬರೆಯುವ ಒಂದು ಸಾಲಿನ ಉಲ್ಲೇಖದಿಂದ ಮಾತ್ರ. ಆ ಸಾಲು ತಪ್ಪಿದರೆ ಮುಂದಿನ ಸಂಶೋಧಕನಿಗೆ ದೊರೆಯುವುದು ಒಡೆಯನಿಲ್ಲದ ಪಠ್ಯ.