ಸೋಲುವವನ ಸರದಿ

‘ಒನ್ ಪಂಚ್ ಮ್ಯಾನ್’ ಕಥೆಯ ಮೂಲ ತಮಾಷೆಯೇ ಅದರ ಕಾಳಗಗಳಿಗೆ ಕಂಟಕ. ನಾಯಕ ಸೈತಮಾ ಎಂಥ ರಾಕ್ಷಸನನ್ನಾದರೂ ಒಂದೇ ಗುದ್ದಿಗೆ ಮುಗಿಸುತ್ತಾನೆ. ಹೀಗಿರುವಾಗ ನೋಡುವವರ ಎದೆ ಡವಗುಟ್ಟುವುದಾದರೂ ಯಾತಕ್ಕೆ? ಒನ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕ 2009ರಲ್ಲಿ ವೆಬ್‌ಕಾಮಿಕ್ ಆಗಿ ಆರಂಭಿಸಿದ, ಆಮೇಲೆ ಯೂಸುಕೆ ಮುರಾತ ಹೊಸದಾಗಿ ಚಿತ್ರಿಸಿದ ಈ ಕಥೆ 2015ರಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೊದಿಂದ 12 ಕಂತುಗಳ ಅನಿಮೆಯಾಗಿ ಬಂತು. ನಿರ್ದೇಶಕ ಶಿಂಗೊ ನತ್ಸುಮೆ. ನನ್ನ ಮಟ್ಟಿಗೆ ಇಡೀ ಸರಣಿ ನಿಂತಿರುವುದು ಒಂಬತ್ತನೆಯ ಕಂತಿನ ಮೇಲೆ.

ಸಮುದ್ರದಿಂದ ಎದ್ದುಬಂದ ಡೀಪ್ ಸೀ ಕಿಂಗ್, ಜನ ಅಡಗಿಕೊಂಡಿರುವ ಆಶ್ರಯತಾಣಕ್ಕೆ ನುಗ್ಗಿದ್ದಾನೆ. ಮಳೆಯಲ್ಲಿ ನೆನೆದರೆ ಅವನ ಮೈ ಇನ್ನಷ್ಟು ಹಿಗ್ಗುತ್ತದೆ, ಬಲವೂ ಹೆಚ್ಚುತ್ತದೆ. ಎ ದರ್ಜೆಯ ಹೀರೋಗಳು ಆಗಲೇ ನೆಲಕಚ್ಚಿದ್ದಾರೆ. ಅದಕ್ಕೂ ಮೇಲಿನ ಎಸ್ ದರ್ಜೆಯ ಹೀರೋ ಜೆನೋಸ್, ರಾಕ್ಷಸ ಉಗುಳಿದ ಆಮ್ಲ ಒಬ್ಬ ಪುಟ್ಟ ಹುಡುಗಿಗೆ ತಾಗದಂತೆ ತನ್ನ ಯಂತ್ರದ ಮೈಯನ್ನೇ ಅಡ್ಡ ಕೊಟ್ಟು ಕರಗಿಬಿದ್ದಿದ್ದಾನೆ. ಆಗ ಎಲ್ಲಿಂದಲೋ ಒಂದು ಸೈಕಲ್ ಹಾರಿಬಂದು ರಾಕ್ಷಸನಿಗೆ ಬಡಿಯುತ್ತದೆ.

ಸೈಕಲ್ ಎಸೆದವನು ಮುಮೆನ್ ರೈಡರ್. ಹೆಲ್ಮೆಟ್ಟು, ಕನ್ನಡಕ, ರಕ್ಷಾಕವಚ ಬಿಟ್ಟರೆ ಬೇರೇನೂ ಇಲ್ಲದ ಸಾಮಾನ್ಯ ಮನುಷ್ಯ. ಕೊನೆಯ ದರ್ಜೆಯಾದ ಸಿಯಲ್ಲಿ ಮೊದಲ ಸ್ಥಾನದವನು. ರಾಕ್ಷಸ ಅವನನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವನು ಮತ್ತೆ ಬಂದು ರಾಕ್ಷಸನನ್ನು ಹಿಡಿದುಕೊಳ್ಳುತ್ತಾನೆ. ಒದ್ದರೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ತನ್ನಿಂದ ಯಾರೂ ಏನನ್ನೂ ನಿರೀಕ್ಷಿಸಿಲ್ಲ, ತಾನು ಗೆಲ್ಲುವುದೂ ಇಲ್ಲ ಎಂದು ತನಗೇ ಚೆನ್ನಾಗಿ ಗೊತ್ತೆಂದು ಕೂಗಿ ಹೇಳುತ್ತಾನೆ. ಆದರೂ ಈಗ, ಇಲ್ಲಿ, ಎದುರು ನಿಲ್ಲಲೇಬೇಕು ಎನ್ನುತ್ತಾನೆ. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಜನ ಅವನಿಗೆ ಜೈಕಾರ ಹಾಕತೊಡಗುತ್ತಾರೆ.

ಶೋನೆನ್, ಅಂದರೆ ಹುಡುಗರಿಗೆಂದೇ ಮಾಡಿದ ಕಥೆಗಳನ್ನು ನೋಡಿ ಬೆಳೆದವರಿಗೆ ಮುಂದೇನೆಂದು ಗೊತ್ತು: ಜನರ ಕೂಗು ಕಿವಿಗೆ ಬಿದ್ದ ಕೂಡಲೇ ಅವನೊಳಗೆ ಅಡಗಿದ್ದ ಶಕ್ತಿ ಉಕ್ಕಬೇಕು. ಇಲ್ಲಿ ಹಾಗಾಗುವುದಿಲ್ಲ. ಅವನ ಗುದ್ದಿನಿಂದ ರಾಕ್ಷಸನಿಗೆ ಏನೂ ಆಗುವುದಿಲ್ಲ, ಮರುಹೊಡೆತಕ್ಕೆ ಅವನು ಗಾಳಿಯಲ್ಲಿ ತೂರಿಹೋಗುತ್ತಾನೆ. ಕಥೆ ಅವನಿಗೆ ಕೂದಲೆಳೆಯಷ್ಟೂ ರಿಯಾಯಿತಿ ಕೊಡುವುದಿಲ್ಲ. ಆ ಧೈರ್ಯದ ಮೇಲೆ ನಮಗೆ ನಂಬಿಕೆ ಹುಟ್ಟುವುದೂ ಅದಕ್ಕೇ. ಬೀಳುವವನನ್ನು ಹಿಡಿದುಕೊಳ್ಳುವುದು ಸೈತಮಾ. ಚೆನ್ನಾಗಿ ಹೋರಾಡಿದೆ ಅಂತ ಅವನಿಗೆ ಹೇಳಿ, ಒಂದೇ ಗುದ್ದಿಗೆ ರಾಕ್ಷಸನ ಹೊಟ್ಟೆಯಲ್ಲಿ ತೂತು ಮಾಡುತ್ತಾನೆ. ಆ ಗುದ್ದಿನ ರಭಸಕ್ಕೆ ಮಳೆಯೇ ಚದುರಿಹೋಗುತ್ತದೆ. ಕಣ್ಣಿಗೆ ಹಬ್ಬ, ನಿಜ, ಆದರೆ ಕಂತಿನ ತಿರುಳು ಅದಲ್ಲ.

ತಿರುಳಿರುವುದು ಆಮೇಲಿನ ಎರಡು ನಿಮಿಷದಲ್ಲಿ. ಜೀವ ಉಳಿಯಿತೆಂದು ನಿಟ್ಟುಸಿರಿಟ್ಟ ಗುಂಪಿನಲ್ಲಿ ಒಬ್ಬ ಮೂದಲಿಸತೊಡಗುತ್ತಾನೆ: ಒಂದೇ ಏಟಿಗೆ ಸಾಯುವ ಈ ರಾಕ್ಷಸನಿಗೆ ಸೋತರಲ್ಲ, ಎ ದರ್ಜೆ, ಎಸ್ ದರ್ಜೆ ಅನ್ನಿಸಿಕೊಂಡವರು ಎಂಥ ಹೀರೋಗಳು? ಸೈತಮಾ ಗಟ್ಟಿಯಾಗಿ ನಗುತ್ತಾನೆ. ಮಿಕ್ಕವರು ಮೊದಲೇ ಬಡಿದು ಸುಸ್ತು ಮಾಡಿದ್ದರು, ತಡವಾಗಿ ಬಂದ ತಾನು ಪುಕ್ಕಟೆ ಗೆಲುವು ಹೊಡೆದುಕೊಂಡೆ ಅಂತ ಸುಳ್ಳು ಹೇಳುತ್ತಾನೆ. ಮೆಚ್ಚುಗೆ ಸಿಗುತ್ತಿಲ್ಲವೆಂದು ಕಂತುಕಂತಿಗೂ ಗೊಣಗಿದವನು ಇವನೇ. ಹೀರೋ ಪರೀಕ್ಷೆಯಲ್ಲಿ ದೇಹಬಲದ ದಾಖಲೆಗಳನ್ನೆಲ್ಲ ಮುರಿದರೂ ಬರವಣಿಗೆಯಲ್ಲಿ ಎಡವಿ, ಒಟ್ಟು 71 ಅಂಕ ಗಿಟ್ಟಿಸಿ ಸಿ ದರ್ಜೆಗೆ ಬಿದ್ದವನೂ ಇವನೇ. ಹೆಸರು ಮಾಡುವ ಅವಕಾಶ ಎದುರಿಗೇ ಬಂದಾಗ, ಸೋತವರ ಮಾನ ಉಳಿಸಲೆಂದು ಅದನ್ನು ಬಿಟ್ಟುಕೊಡುತ್ತಾನೆ. ಯಾವ ಗುದ್ದಿಗೂ ಜಗ್ಗದವನು ಏನನ್ನಾದರೂ ಕಳೆದುಕೊಳ್ಳುವುದು ಸಾಧ್ಯವಿದ್ದರೆ ಅದು ಹೆಸರು ಮಾತ್ರ. ಅವನು ಕಳೆದುಕೊಳ್ಳುವುದೂ ಅದನ್ನೇ.

ಕೊರತೆಗಳೂ ಉಂಟು. ಡೀಪ್ ಸೀ ಕಿಂಗ್ ಬರೀ ಗಾತ್ರ. ಅವನಿಗೆ ಸ್ವಭಾವವೆಂಬುದೇ ಇಲ್ಲ. ಮೂದಲಿಸುವವನ ಮಾತು ಕಥೆಗಾರ ಬಾಯಿಗಿಟ್ಟು ಆಡಿಸಿದಂತಿದೆ. ಇದೇ ಹೋರಾಟದ ಹಿಂದಿನ ಭಾಗದಲ್ಲಿ ಬರುವ ಪುರಿಪುರಿ ಪ್ರಿಸನರ್ ಎಂಬ ಹೀರೋ ಸಲಿಂಗಿ ಗಂಡಸರನ್ನು ಹಂಗಿಸುವ ಹಳಸಲು ನಗೆಸರಕು. ಅದನ್ನು ತಮಾಷೆಯೆಂದು ಸಹಿಸಿಕೊಳ್ಳಲು ನಾನು ಸಿದ್ಧನಿಲ್ಲ. ಸೋಲುವವರ ಘನತೆಯನ್ನು ಇಷ್ಟು ಜತನದಿಂದ ಕಾಯುವ ಕಥೆ ಅವನಿಗೂ ಅದೇ ಘನತೆ ಕೊಡಬೇಕಿತ್ತು.