ಅಂಚೆಯವನ ಎರಡು ಗಂಟಲು

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಮೆರಿಕದ ಹಾಡುಗಾರ ಜಾನ್ ಪ್ರೈನ್‌ನ ಹಾಡು ಹಾಕಿಕೊಂಡು ಕೂತಿದ್ದೆ. ಮನೆಗೆ ಬಂದಿದ್ದ ಅಕ್ಕನ ಮಗ ಎರಡು ನಿಮಿಷ ತಡೆದುಕೊಂಡು, ‘ಮಾಮ, ಈ ಅಜ್ಜ ಹಾಡ್ತಿದಾನೋ, ಗಂಟಲು ಸರಿಮಾಡ್ಕೋತಿದಾನೋ?’ ಅಂದ. ನಾನು ಮಾತಾಡದೆ ಅದೇ ಹಾಡಿನ, ಅದಕ್ಕಿಂತ 29 ವರ್ಷ ಹಳೆಯ ಮುದ್ರಣ ಹಾಕಿದೆ. ತೆಳ್ಳನೆಯ, ಮೂಗಿನಲ್ಲಿ ತುಸು ಎಳೆಯುವ ಹುಡುಗನ ದನಿ. ‘ಇದ್ಯಾರು, ಅಜ್ಜನ ಮಗನಾ?’ ಎಂದ. ನಾನು ನಕ್ಕೆ. ಆದರೆ ಸಂಜೆಯವರೆಗೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಹಾಡು ‘ಹಲೋ ಇನ್ ದೇರ್’. ಮಕ್ಕಳೆಲ್ಲ ದೂರ ಹೋಗಿ, ಒಬ್ಬ ಮಗನನ್ನು ಕೊರಿಯಾ ಯುದ್ಧಕ್ಕೆ ಕಳೆದುಕೊಂಡು, ಇನ್ನು ಆಡುವುದಕ್ಕೆ ಮಾತೇ ಉಳಿಯದ ಮುದಿ ದಂಪತಿಯ ಕಥೆ. ಬರೆದಾಗ ಪ್ರೈನ್‌ಗೆ 25 ತುಂಬಿರಲಿಲ್ಲ. ಹುಡುಗನಾಗಿದ್ದಾಗ ಗೆಳೆಯನ ಜೊತೆ ವೃದ್ಧಾಶ್ರಮವೊಂದಕ್ಕೆ ಪೇಪರ್ ಹಾಕಲು ಹೋಗುತ್ತಿದ್ದನಂತೆ. ಅಲ್ಲಿನ ಕೆಲವರು ಪಕ್ಕದ ಹಾಸಿಗೆಯವರ ಮುಂದೆ ಅವನನ್ನು ತಮ್ಮ ಮೊಮ್ಮಗನೆಂಬಂತೆ ಮಾತಾಡಿಸುತ್ತಿದ್ದರು. ನೋಡಲು ಯಾರೋ ಬಂದಿದ್ದಾರೆ ಅಂತ ತೋರಿಸಿಕೊಳ್ಳುವುದಕ್ಕೆ. ಆ ಸುಳ್ಳನ್ನು ಹುಡುಗ ಮರೆಯಲಿಲ್ಲ.

ಹುಟ್ಟಿದ್ದು 1946ರಲ್ಲಿ, ಷಿಕಾಗೊ ಪಕ್ಕದ ಮೇವುಡ್‌ನಲ್ಲಿ. ಹದಿನಾಲ್ಕಕ್ಕೆ ಅಣ್ಣ ಡೇವ್ ಗಿಟಾರ್ ಕಲಿಸಿದ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಸೈನ್ಯಕ್ಕೆ ಕರೆ ಬಂತು, ಅದೃಷ್ಟಕ್ಕೆ ಪಶ್ಚಿಮ ಜರ್ಮನಿಗೆ ಹಾಕಿದರು. ಉಳಿದ ಹೊತ್ತೆಲ್ಲ ಅಂಚೆಯವನು. ಷಿಕಾಗೊದ ಚಳಿಯಲ್ಲಿ ಚೀಲ ಹೊತ್ತು ಬೀದಿ ಬೀದಿ ಅಲೆಯುತ್ತ, ತಲೆಯಲ್ಲೇ ಹಾಡು ಕಟ್ಟುತ್ತಿದ್ದ. ಗಾಳಿ ತಡೆಯಲಾಗದಾಗ ದಾರಿಬದಿಯ ದೊಡ್ಡ ಅಂಚೆಪೆಟ್ಟಿಗೆಯೊಳಗೇ ನುಸುಳಿ ಕೂತು ಬುತ್ತಿ ತಿನ್ನುತ್ತಿದ್ದನಂತೆ.

ಅವನ ಹಾಡುಗಳಿಗೆ ಆ ನೌಕರಿಯ ಗುಣ ಅಂಟಿಕೊಂಡಿದೆ. ಅಂಚೆಯವನಿಗೆ ಪ್ರತಿ ಮನೆಯ ಬಾಗಿಲು ಗೊತ್ತು, ಜಗುಲಿಯ ಮೇಲಿನ ಕುರ್ಚಿ ಗೊತ್ತು, ಯಾರಿಗೆ ಕಾಗದ ಬರುವುದು ನಿಂತಿದೆ ಎಂಬುದೂ ಗೊತ್ತು. ಒಳಗೆ ಕಾಲಿಡುವ ಹಕ್ಕು ಮಾತ್ರ ಇಲ್ಲ. ಹೊರಗೆ ಕಂಡ ನಾಲ್ಕು ಸಾಮಾನು ಹೇಳಿ ಒಳಗಿನದನ್ನು ನಮಗೇ ಬಿಟ್ಟು ಮುಂದಿನ ಮನೆಗೆ ಹೋಗುವವನು ಪ್ರೈನ್.

ಮೊದಲು ಅವನ ಬಗ್ಗೆ ಬರೆದದ್ದು ಸಂಗೀತ ವಿಮರ್ಶಕನಲ್ಲ, ‘ಷಿಕಾಗೊ ಸನ್-ಟೈಮ್ಸ್’ನ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್. 1970ರಲ್ಲಿ ಸಿನಿಮಾ ನೋಡಲು ಹೋದವನು ಪಾಪ್‌ಕಾರ್ನ್ ವಿಪರೀತ ಉಪ್ಪಾಯಿತೆಂದು ಅರ್ಧಕ್ಕೇ ಎದ್ದು ಬಿಯರ್ ಕುಡಿಯಲು ‘ಫಿಫ್ತ್ ಪೆಗ್’ಗೆ ಹೊಕ್ಕ. ಅಲ್ಲೊಬ್ಬ ಅಂಚೆಯವನು ಹಾಡುತ್ತಿದ್ದ. ಆ ಸಿನಿಮಾದ ಹೆಸರು ಇಂದು ಯಾರಿಗೆ ಬೇಕು! ಮರುವರ್ಷ ಪ್ರೈನ್‌ನ ಗೆಳೆಯ ಸ್ಟೀವ್ ಗುಡ್‌ಮನ್ ಒಂದು ರಾತ್ರಿ ಅವನು ಹಾಡುತ್ತಿದ್ದ ಇನ್ನೊಂದು ಕ್ಲಬ್ಬಿಗೆ ಹಾಡುಗಾರ ಕ್ರಿಸ್ ಕ್ರಿಸ್ಟಾಫರ್ಸನ್‌ನನ್ನು ಎಳೆದುಕೊಂಡು ಬಂದ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟಾಗಿತ್ತು. ಪ್ರೈನ್ ಹಾಡಿದ, ಕ್ರಿಸ್ಟಾಫರ್ಸನ್ ಮತ್ತೆ ಹಾಡು ಎಂದ. ಕೆಲವೇ ತಿಂಗಳಲ್ಲಿ ಅಟ್ಲಾಂಟಿಕ್ ಕಂಪನಿಯ ಆಲ್ಬಂ ಬಂತು.

1971ರ ಆ ಆಲ್ಬಮ್ಮಿನ ಹೊದಿಕೆಯಲ್ಲಿ ಪ್ರೈನ್ ಹುಲ್ಲಿನ ಪೆಂಡಿಯ ಮೇಲೆ ಕೂತಿದ್ದಾನೆ. ಅದಕ್ಕೆ ಮುಂಚೆ ಅವನು ಹುಲ್ಲಿನ ಪೆಂಡಿಯ ಮೇಲೆ ಕೂತವನೇ ಅಲ್ಲ. ಹಳ್ಳಿಯ ಹಾಡುಗಾರನೆಂದು ಮಾರಬೇಕಿತ್ತು, ಕೂರಿಸಿದರು. ಮೆಂಫಿಸ್‌ನಲ್ಲಿ ಎಲ್ವಿಸ್‌ಗೆ ನುಡಿಸಿದ ವಾದ್ಯದವರೇ ಇವನಿಗೂ ನುಡಿಸಿದರು. ಆ ಘಟಾನುಘಟಿಗಳ ನಡುವೆ ಹುಡುಗ ಹೆದರಿದ್ದು ದನಿಯಲ್ಲೇ ಗೊತ್ತಾಗುತ್ತದೆ. ಆದರೂ ಚೊಚ್ಚಲ ಆಲ್ಬಂ ಒಂದರಲ್ಲಿ ಇಷ್ಟು ಹಾಡು ಉಳಿದುಕೊಂಡ ಇನ್ನೊಂದು ಉದಾಹರಣೆ ನನಗೆ ತಟ್ಟನೆ ಹೊಳೆಯುವುದಿಲ್ಲ. ‘ಏಂಜಲ್ ಫ್ರಂ ಮಾಂಟ್‌ಗಾಮರಿ’ಯಲ್ಲಿ ಅವನು ಮೊದಲ ಸಾಲಿನಿಂದಲೇ ನಡುವಯಸ್ಸಿನ ಹೆಂಗಸು. ಗಂಡಸು ಹಾಡುತ್ತಿದ್ದಾನೆಂಬುದು ನಮಗೂ ಮರೆತುಹೋಗುತ್ತದೆ. 1974ರಲ್ಲಿ ಬಾನೀ ರೇಟ್ ಹಾಡಿದ ಮೇಲಂತೂ ಅದು ಅವಳದೇ ಹಾಡೆಂದು ನಂಬಿದವರು ಎಷ್ಟೋ ಜನ.

ಆ ಆಲ್ಬಮ್ಮಿನಲ್ಲೇ ‘ಪ್ಯಾರಡೈಸ್’ ಇದೆ. ಅಪ್ಪ ಅಮ್ಮ ಬಂದದ್ದು ಕೆಂಟಕಿಯ ಮ್ಯೂಲನ್‌ಬರ್ಗ್ ಕೌಂಟಿಯ ಆ ಹೆಸರಿನ ಊರಿಂದ. ಗ್ರೀನ್ ನದಿಯ ದಡದ ಊರು. ಗುಡ್ಡಗಳ ಮೇಲ್ಮಣ್ಣು ಬಗೆದು ಪೀಬಡಿ ಕಂಪನಿ ಕಲ್ಲಿದ್ದಲು ತೆಗೆಯಿತು. ಪಕ್ಕದಲ್ಲೇ ಉಷ್ಣ ವಿದ್ಯುತ್ ಸ್ಥಾವರ ಎದ್ದಿತು. ಬೂದಿ ಉದುರತೊಡಗಿತು. 1967ರಲ್ಲಿ ಉಳಿದಿದ್ದ ಮನೆಗಳನ್ನೂ ಕೊಂಡು ಕೆಡವಿದರು. ಅಪ್ಪನಿಗಾಗಿ ಮಗ ಹಾಡು ಬರೆದು ಟೇಪ್ ತಂದು ಕೇಳಿಸಿದಾಗ ಆತ ಎದ್ದು ಪಕ್ಕದ ಕತ್ತಲೆ ಕೋಣೆಗೆ ಹೋಗಿ ಕೂತನಂತೆ. ಹಾಡು ಜೂಕ್‌ಬಾಕ್ಸಿನಿಂದ ಬರುತ್ತಿದೆ ಅಂದುಕೊಂಡು ಕೇಳುವುದಕ್ಕೆ. ಆಲ್ಬಂ ಕೈಗೆ ಬರುವ ಮುಂಚೆಯೇ ಅಪ್ಪ ತೀರಿಕೊಂಡ.

ಗಿಟಾರ್ ರಸಿಕರಿಗೆ ಮ್ಯೂಲನ್‌ಬರ್ಗ್ ಎಂದರೆ ಬೇರೆಯದೇ ಮರ್ಯಾದೆ. ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಹುಟ್ಟಿದ ಸೀಮೆ ಅದು. ಅಲ್ಲಿನ ಶೈಲಿಯಲ್ಲಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಅತ್ತಿಂದಿತ್ತ ಲಯ ಹಾಕುತ್ತಿರುತ್ತದೆ, ಉಳಿದ ಬೆರಳು ಮೇಲೆ ರಾಗ ಬಿಡಿಸುತ್ತವೆ. ಏಕತಾರಿಯನ್ನೂ ಚಿಟಿಕೆಯನ್ನೂ ತಾನೇ ಹಿಡಿದು ಹಾಡುವ ತತ್ವಪದದವರನ್ನು ಕಂಡವರಿಗೆ ಈ ಒಂಟಿಮೇಳದ ಗತ್ತು ಅಪರಿಚಿತವಲ್ಲ. ಪ್ರೈನ್ ಟ್ರಾವಿಸ್‌ನಂಥ ಪಂಡಿತನೇನಲ್ಲ. ಮೂರು ಸ್ವರಮೇಳ, ಒಂದೇ ಬಗೆಯ ಬೆರಳಾಟ. ಅದನ್ನು ಮೀರಬೇಕೆಂಬ ಆಸೆಯೂ ಅವನಿಗಿದ್ದಂತಿಲ್ಲ.

1998ರಲ್ಲಿ ಕುತ್ತಿಗೆಯಲ್ಲಿ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ಮೇಲೆ ವಿಕಿರಣ. ದನಿ ಕುಸಿದು ಒರಟಾಯಿತು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು? ಪ್ರೈನ್ ಶ್ರುತಿ ಇಳಿಸಿಕೊಂಡ. ಇಳಿಸಿದಾಗ ತನ್ನ ಹಳೆಯ ಹಾಡುಗಳೇ ತನಗೆ ಹೊಸದಾಗಿ ಕೇಳಿಸಿದವು ಎಂದ. 2000ದಲ್ಲಿ ಹಳೆಯ ಹಾಡುಗಳನ್ನು ಮತ್ತೆ ಹಾಡಿ ‘ಸುವನೀರ್ಸ್’ ತಂದ. ಹಳೆಯ ಮುದ್ರಣಗಳ ಹಕ್ಕು ದೊಡ್ಡ ಕಂಪನಿಗಳ ಕೈಯಲ್ಲಿತ್ತು; ತನ್ನದೇ ಹಾಡು ತನ್ನದೇ ಕಂಪನಿ ‘ಓ ಬಾಯ್’ನಲ್ಲಿರಲಿ ಎಂಬ ವ್ಯವಹಾರದ ಲೆಕ್ಕವೂ ಅದರಲ್ಲಿತ್ತು. ಲೆಕ್ಕಕ್ಕೆ ಹುಟ್ಟಿದ ಆಲ್ಬಂ ಹೀಗಾಗುತ್ತದೆಂದು ಯಾರು ಎಣಿಸಿದ್ದರು!

ಅಕ್ಕನ ಮಗನಿಗೆ ನಾನು ಹಾಕಿದ್ದು ಈ ಎರಡು ‘ಹಲೋ ಇನ್ ದೇರ್’ಗಳನ್ನೇ. 1971ರದರಲ್ಲಿ ಹುಡುಗ ಹೊಸಿಲಾಚೆ ನಿಂತು ‘ಯಾರಾದರೂ ಒಳಗಿದ್ದೀರಾ?’ ಎಂದು ಕೂಗುತ್ತಾನೆ. ಮರುಕ ಇದೆ, ಆದರೆ ಚೀಲ ಹೆಗಲ ಮೇಲೇ ಇದೆ. 2000ದ್ದರಲ್ಲಿ ಅದೇ ಪದ ಮನೆಯೊಳಗಿಂದ ಬರುತ್ತದೆ, ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಹಿಡಿದವನ ಹಾಗೆ. ಎಳೆವಯಸ್ಸಿನಲ್ಲಿ ಮುದುಕರ ಬಟ್ಟೆ ಹೊಲಿದಿಟ್ಟಿದ್ದ. ಮೂವತ್ತು ವರ್ಷಕ್ಕೆ ಅಳತೆ ಸರಿಹೋಯಿತು.

ಎಲ್ಲ ಹಾಡಿಗೂ ಈ ಮಾತು ಸಲ್ಲದು. ‘ಸ್ಯಾಮ್ ಸ್ಟೋನ್’, ಯುದ್ಧದಿಂದ ಮಾರ್ಫಿನ್ ಚಟ ಹೊತ್ತು ಮನೆಗೆ ಬಂದ ಸಿಪಾಯಿಯ ಹಾಡು, ನನಗೆ 1971ರದ್ದೇ ಬೇಕು. ಸ್ಯಾಮ್‌ನ ವಾರಿಗೆಯವನು ಹಾಡಿದರೆ ಅದು ಸುದ್ದಿ, ಮುದುಕ ಹಾಡಿದರೆ ಶ್ರದ್ಧಾಂಜಲಿ. ಅಲ್ಲಿ ಶ್ರದ್ಧಾಂಜಲಿ ಬೇಕಿಲ್ಲ.

2005ರಲ್ಲಿ ಅಮೆರಿಕದ ಆಸ್ಥಾನಕವಿ ಟೆಡ್ ಕೂಸರ್ ಅವನನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕರೆಸಿ ಹಾಡಿಸಿದ. 2013ರಲ್ಲಿ ಶ್ವಾಸಕೋಶಕ್ಕೂ ಕ್ಯಾನ್ಸರ್ ಬಂತು, ಅದನ್ನೂ ದಾಟಿದ. 2018ರ ‘ದ ಟ್ರೀ ಆಫ್ ಫರ್ಗಿವ್‌ನೆಸ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಎಪ್ಪತ್ತು ದಾಟಿದ ಮೇಲೆ, ಅವನ ಬದುಕಿನಲ್ಲೇ ಅತಿ ಮೇಲಿನ ಸ್ಥಾನ.

2020ರ ಫೆಬ್ರವರಿಯಲ್ಲಿ ಪ್ಯಾರಡೈಸ್ ಸ್ಥಾವರದ ಕೊನೆಯ ಕಲ್ಲಿದ್ದಲು ಘಟಕ ಆರಿತು. ಏಪ್ರಿಲ್ 7ರಂದು ನ್ಯಾಶ್‌ವಿಲ್‌ನಲ್ಲಿ ಕೋವಿಡ್‌ನಿಂದ ಪ್ರೈನ್ ತೀರಿಕೊಂಡ. 73 ವರ್ಷ. ‘ಪ್ಯಾರಡೈಸ್’ ಹಾಡಿನಲ್ಲಿ ಕೇಳಿಕೊಂಡಿದ್ದಂತೆ ಚಿತಾಭಸ್ಮದ ಅರ್ಧವನ್ನು ಗ್ರೀನ್ ನದಿಗೆ ಬಿಟ್ಟರು. ಉಳಿದರ್ಧ ಷಿಕಾಗೊದಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿದೆ.

ಕೇಳುವವರು ‘ಸುವನೀರ್ಸ್’ನಿಂದ ಶುರುಮಾಡಿ, ಆಮೇಲೆ 1971ಕ್ಕೆ ಹೋಗಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಅದರಲ್ಲಿ ಹೆಬ್ಬೆರಳು ಕೇಳಿಸುವುದಿಲ್ಲ.